ಕಣಗಿಲೆ ಕುಟುಂಬದ ಲಕ್ಷಣಗಳು

ಸಮಿತಿಯವರು ಎರಡು ಗಂಟೆಗೆ ಬರುತ್ತಾರೆಂದು ತಿಳಿಸಿದ್ದರಿಂದ ಅವನು ಹನ್ನೆರಡಕ್ಕೇ ಊಟದ ಡಬ್ಬಿ ಮುಗಿಸಿ, ಒಣಗಿಡಗಳ ಕೋಣೆಯ ಬೀರುಗಳನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿದ. ಒರೆಸಿದ್ದು ಗೊತ್ತಾಗಬಾರದೆಂದು ಆಮೇಲೆ ಆ ಬಟ್ಟೆಯನ್ನು ಕುರ್ಚಿಯ ಹಿಂದೆ ಬಚ್ಚಿಟ್ಟ. ಮೂವತ್ತೊಂದು ವರ್ಷ ಈ ಕೋಣೆಯಲ್ಲಿ ಕೂತು ಪಾಠ ಮಾಡಿದವನು, ಇವತ್ತು ಮೊದಲ ಸಲ ಅದರ ವಾಸನೆಯನ್ನು ಹೊರಗಿನವರ ಮೂಗಿನಿಂದ ಮೂಸಿ ನೋಡಿದ. ನುಸಿಗುಳಿಗೆ, ಹಳೆಯ ಅಂಟು, ಒಣಗಿದ ಎಲೆ, ಜೊತೆಗೆ ಮುದುಕರ ಕೋಟಿನಿಂದ ಬರುವಂಥ ಏನೋ ಒಂದು ಕಮಟು. ಹನ್ನೊಂದು ಸಾವಿರ ಹಾಳೆಗಳು. ಒಂದೊಂದರ ಮೇಲೂ ದಾರದಿಂದ ಹೊಲಿದ ಒಂದೊಂದು ಟೊಂಗೆ. ಬಲಗಡೆಯ ಮೂಲೆಯಲ್ಲಿ ಎಲ್ಲಿ, ಯಾವಾಗ, ಯಾರು ಕಿತ್ತರೆಂದು ಬರೆದ ಚೀಟಿ. ಇದನ್ನೆಲ್ಲ ನೆಲಮಾಳಿಗೆಗೆ ಸಾಗಿಸಿ ಇಲ್ಲಿ ನಲವತ್ತು ಕಂಪ್ಯೂಟರು ಇಡಬೇಕೆಂದು ಕಾಲೇಜಿನ ಆಡಳಿತ ಯೋಚಿಸಿತ್ತು. ನೆಲಮಾಳಿಗೆಯ ಗೋಡೆಗೆ ಕೈ ಇಟ್ಟರೆ ಅಂಗೈ ಒದ್ದೆಯಾಗುತ್ತದೆ. ಎರಡು ವರ್ಷ ಸಾಕು, ಎಲ್ಲ ಬೂಷ್ಟು ಹಿಡಿದು ಮುದ್ದೆಯಾಗಲು. ಅವನ ನಿವೃತ್ತಿಗೆ ಉಳಿದಿದ್ದದ್ದು ಏಳು ತಿಂಗಳು. ತಾನು ಹೋದಮೇಲೆ ಏನಾದರೂ ಆಗಲಿ, ತಾನಿರುವಾಗ ಆಗಬಾರದು ಎಂಬ ಆಸೆಯಲ್ಲಿ ಗಿಡಗಳ ಮೇಲಿನ ಪ್ರೀತಿ ಎಷ್ಟು, ತನ್ನ ಮಾನದ ಮೇಲಿನ ಪ್ರೀತಿ ಎಷ್ಟು ಎಂದು ಕೇಳಿಕೊಳ್ಳಲು ಅವನಿಗೆ ಧೈರ್ಯವಾಗಲಿಲ್ಲ.

ಬೆಳಿಗ್ಗೆ ಹೆಂಡತಿ ಬಾಗಿಲ ಬಳಿ ನಿಂತು ನಗುತ್ತಲೇ ಒಂದು ಮಾತು ಹೇಳಿದ್ದಳು. ನಿನ್ನೆ ಅವಳು ತಂಗಿಯ ಮನೆಗೆ ಹೋಗುವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದಾಗ ಅವನು ಪತ್ರಿಕೆಯಿಂದ ತಲೆ ಎತ್ತದೆ ಅಂಚೆ ಕಚೇರಿಯ ಮುಂದೆ ಎಂದುಬಿಟ್ಟಿದ್ದ. ಅವಳು ಅಲ್ಲಿ ಬಿಸಿಲಲ್ಲಿ ಒಂದು ಗಂಟೆ ನಿಂತಿದ್ದಳು. ಬಸ್ಸು ಆ ರಸ್ತೆ ಬಿಟ್ಟು ವರ್ಷವಾಗಿತ್ತಂತೆ. "ನಿಮ್ಮ ಬಾಯಲ್ಲಿ ಗೊತ್ತಿಲ್ಲ ಅನ್ನೋ ಮಾತು ಸಾಯೋದ್ರೊಳಗೆ ಒಂದು ಸಲ ಕೇಳ್ಬೇಕು ಅಂತ ಆಸೆ ನನಗೆ" ಎಂದಿದ್ದಳು. ಅವನೂ ನಕ್ಕಿದ್ದ. ಆದರೆ ಕಾಲೇಜಿನ ಮೆಟ್ಟಿಲು ಹತ್ತುವಾಗ ಆ ಮಾತು ಚಪ್ಪಲಿಯೊಳಗಿನ ಹರಳಿನ ಹಾಗೆ ಒತ್ತತೊಡಗಿತ್ತು. ಬಸ್ಸಿಗಿಂತ ಹಿಂದಿನ ನೆನಪೊಂದು ಅದರ ಕೆಳಗೆ ಇತ್ತು. ಇಪ್ಪತ್ತೆರಡು ವರ್ಷದ ಹಿಂದೆ, ವಿದ್ಯಾರ್ಥಿಗಳನ್ನು ಗುಡ್ಡಕ್ಕೆ ಕರೆದುಕೊಂಡು ಹೋದಾಗ, ಸಣಕಲು ಹುಡುಗಿಯೊಬ್ಬಳು ಹಸಿರು ಹೂವಿನ ಬಳ್ಳಿಯೊಂದನ್ನು ಎತ್ತಿ ಹಿಡಿದು ಇದು ಯಾವುದು ಎಂದು ಕೇಳಿದ್ದಳು. ಅವನು ಅದನ್ನು ಹಿಂದೆಂದೂ ನೋಡಿರಲಿಲ್ಲ. ಸುತ್ತ ಹದಿನೆಂಟು ಮುಖಗಳಿದ್ದವು. ಬಾಯಿಗೆ ಬಂದ ಎರಡು ಪದದ ಲ್ಯಾಟಿನ್ ಹೆಸರೊಂದನ್ನು ಹೇಳಿದ, ಅಕ್ಷರ ಅಕ್ಷರ ಬಿಡಿಸಿಯೂ ಹೇಳಿದ. ಅವಳು ಮಸಿಯಲ್ಲಿ ಬರೆದುಕೊಂಡಳು. ಆ ಪುಟಕ್ಕೆ ಅವನೇ ಪೂರ್ತಿ ಅಂಕ ಕೊಟ್ಟ. ಮುಂದಿನ ವರ್ಷ ಅವಳು ಅದೇ ಪುಸ್ತಕ ಹಿಡಿದು ಅವನ ಮೇಜಿನ ಮುಂದೆ ನಿಂತಳು, ಸರ್ ಇದು ಎಂದು ಶುರುಮಾಡಿದಳು, ಅವನ ಮುಖ ನೋಡಿದಳು, ಏನಿಲ್ಲ ಸರ್ ಎಂದು ಪುಸ್ತಕ ಮುಚ್ಚಿದಳು. ಮುಚ್ಚಿದ ರೀತಿ ಎಷ್ಟು ಮೆತ್ತಗಿತ್ತೆಂದರೆ ಇವತ್ತಿಗೂ ಅದರ ಸದ್ದು ಅವನಿಗೆ ಕೇಳಿಸುತ್ತದೆ. ಆ ಹುಡುಗಿ ಈಗ ವಿಭಾಗದ ಮುಖ್ಯಸ್ಥೆ.

ಸಮಿತಿ ಬಂದಾಗ ಎರಡೂ ಕಾಲು. ಮೂವರಿದ್ದರು. ಅಧ್ಯಕ್ಷರೆಂದರೆ ದಪ್ಪ ಕನ್ನಡಕದ, ಮೆಲುದನಿಯ, ಮಾತಾಡುವಾಗ ಎದುರಿನವರ ಮುಖ ಬಿಟ್ಟು ಕೈಗಳನ್ನೇ ನೋಡುವ ಮನುಷ್ಯ. ಇನ್ನಿಬ್ಬರು ಬರೆದುಕೊಳ್ಳಲು ಬಂದವರು. ಅವರ ಹಿಂದೆ ಮುಖ್ಯಸ್ಥೆ ಬಂದು ಬಾಗಿಲಿಗೆ ಆತುಕೊಂಡು ನಿಂತಳು. ಅವನು ಮೇಜಿನ ಮೇಲೆ ಕಣಗಿಲೆ ಕುಟುಂಬದ ಎಂಟು ಹಾಳೆಗಳನ್ನು ಹರಡಿದ್ದ, ಒಣಗಿದರೂ ಹೂವಿನ ರೂಪ ಕೆಡದ ಹಾಳೆಗಳು. ಇವೆಲ್ಲ ಒಂದೇ ಮನೆಯವು ಎಂದು ಶುರುಮಾಡಿದ. ಅಂಗಳದ ಪೊದೆಯಾಗಿರಲಿ, ಕಾಡಿನ ಮರವಾಗಿರಲಿ, ಮುರಿದರೆ ಹಾಲು ಬರುತ್ತದೆ. ಎಲೆಗಳು ಎದುರುಬದುರು ಜೋಡಿಯಾಗಿ ಕೂರುತ್ತವೆ, ಇಲ್ಲವೇ ಒಂದೇ ಗೆಣ್ಣಿನಲ್ಲಿ ಮೂರು ಸುತ್ತುಗಟ್ಟುತ್ತವೆ, ಅಂಚಿನಲ್ಲಿ ಹಲ್ಲಿರುವುದಿಲ್ಲ. ಐದು ದಳಗಳು ಬುಡದಲ್ಲಿ ಕೂಡಿ ಕೊಳವೆಯಾಗುತ್ತವೆ. ಮೊಗ್ಗಿನಲ್ಲಿ ಆ ಐದೂ ಮಡಿಸಿದ ಕೊಡೆಯ ಹಾಗೆ ಒಂದನ್ನೊಂದು ಹೊದ್ದುಕೊಂಡು ಒಂದೇ ದಿಕ್ಕಿಗೆ ತಿರುಚಿಕೊಂಡಿರುತ್ತವೆ. ಅಂಡಾಶಯ ಕೆಳಗೆ ಎರಡು ಹೋಳು, ಮೇಲೆ ಒಂದೇ ಕಡ್ಡಿ. ಬೇರೆ ಬೇರೆ ಒಲೆ ಹೂಡಿ ಒಂದೇ ಬಾಗಿಲಲ್ಲಿ ಓಡಾಡುವ ಅಣ್ಣತಮ್ಮಂದಿರ ಹಾಗೆ, ಎಂದು ಪ್ರತಿ ವರ್ಷ ತರಗತಿಯಲ್ಲಿ ಹೇಳುವ ತಮಾಷೆಯನ್ನು ಹೇಳಿದ. ಯಾರೂ ನಗಲಿಲ್ಲ. ಕಾಯಿಯೂ ಅದಕ್ಕೇ ಜೋಡಿ ಕೊಂಬಿನ ಹಾಗೆ, ಒಡೆದರೆ ಒಳಗೆ ರೇಷ್ಮೆಗೂದಲಿನ ಬೀಜ, ಎನ್ನುವಷ್ಟರಲ್ಲಿ ಅಧ್ಯಕ್ಷರು ಅವನ ಕೈಗಳನ್ನು ನೋಡುತ್ತ, ಎಲ್ಲ ಚೆನ್ನಾಗಿದೆ, ಆದರೆ ಇದನ್ನೆಲ್ಲ ಈಗ ಫೋನಿನಲ್ಲೇ ನೋಡಬಹುದಲ್ಲ, ಈ ಒಣಗಿದ್ದರಿಂದ ಯಾರಿಗೆ ಏನು ಉಪಯೋಗವಾಗಿದೆ, ಒಂದು ಉದಾಹರಣೆ ಕೊಡಿ ಎಂದರು. ಬರೆದುಕೊಳ್ಳುವವರ ಪೆನ್ನುಗಳು ನಿಂತವು. ಮೂವತ್ತೊಂದು ವರ್ಷದಿಂದ ಒಂದು ಉದಾಹರಣೆ ಹುಡುಕುತ್ತ ಅವನು ನಿಂತ. ಪರೀಕ್ಷೆಯಲ್ಲಿ ಉತ್ತರ ಹೊಳೆಯದವನ ಹಾಗೆ ತಾನು ಸೀಲಿಂಗು ನೋಡುತ್ತಿರುವುದನ್ನು ಮುಖ್ಯಸ್ಥೆ ನೋಡುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು.

ಆಗಲೇ ದರ್ಜಿ ಬಂದ. ದರ್ಜಿಯೆಂದು ಹೇಳಬೇಕಾಗಿರಲಿಲ್ಲ; ಅಳತೆಯ ಟೇಪು ಕೊರಳಲ್ಲೇ ಇತ್ತು, ಎದೆಯ ಮೇಲೆ ಎರಡು ಗುಂಡುಸೂಜಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಆಸ್ಪತ್ರೆಯಿಂದ ಓಡುತ್ತ ಬಂದಿದ್ದ. ನಾಲ್ಕು ವರ್ಷದ ಮಗಳು ಮನೆಯ ಮುಂದಿನ ಬೇಲಿಯ ಗಿಡದಲ್ಲಿ ಏನೋ ಕಿತ್ತು ಆಟದ ಅಡಿಗೆ ಮಾಡಿ ತಿಂದಿದ್ದಾಳೆ, ಎರಡು ಸಲ ವಾಂತಿಯಾಗಿದೆ, ಯಾವ ಗಿಡವೆಂದು ಕಾಲೇಜಿನಲ್ಲಿ ಕೇಳಿಕೊಂಡು ಬನ್ನಿ ಎಂದು ಡಾಕ್ಟರು ಕಳಿಸಿದ್ದಾರೆ. ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿ ಚೀಲದಿಂದ ಒಂದು ಟೊಂಗೆ ತೆಗೆದು ಎಂಟು ಹಾಳೆಗಳ ನಡುವೆ ಇಟ್ಟ. ಟೊಂಗೆ ಬಾಡಿತ್ತು. ಹೂವಿರಲಿಲ್ಲ, ಕಾಯಿಯಿರಲಿಲ್ಲ, ತುದಿಯಲ್ಲಿ ಒಂದೋ ಎರಡೋ ನಲುಗಿದ ಮೊಗ್ಗು. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದರು. ಆ ಕ್ಷಣ ಅವನೊಳಗೆ ಹುಟ್ಟಿದ್ದು ಮಗುವಿನ ಬಗ್ಗೆ ಕಳವಳವಲ್ಲ. ಸಂತೋಷ. ಆಮೇಲೆ ಎಷ್ಟೋ ಸಲ ಅದನ್ನು ತಿರುಗಿಸಿ ಮುರುಗಿಸಿ ನೋಡಿದ, ಬೇರೆ ಹೆಸರು ಸಿಗಲಿಲ್ಲ. ಉದಾಹರಣೆ ತಾನಾಗಿಯೇ ಬಾಗಿಲು ತೆರೆದು ಒಳಗೆ ಬಂದಿತ್ತು.

ಅವನು ಟೊಂಗೆಯನ್ನು ಎರಡು ಬೆರಳಲ್ಲಿ ಎತ್ತಿ ತಿರುಗಿಸಿದ. ಎಲೆಗಳು ಎದುರುಬದುರಾಗಿರಲಿಲ್ಲ, ಒಂದಾದಮೇಲೊಂದು ಕಾಂಡವನ್ನು ಸುತ್ತುತ್ತ ಮೇಲೇರಿದ್ದವು. ನೋಡಿ, ಈಗ ತಾನೇ ಹೇಳಿದೆನಲ್ಲ, ಭಯಪಡಬೇಕಾದದ್ದು ಕಣಗಿಲೆಯ ವಿಷದ ಕುಟುಂಬಕ್ಕೆ, ಅದರಲ್ಲಿ ಎಲೆ ಜೋಡಿಯಾಗಿರಬೇಕು, ಇಲ್ಲಿ ಜೋಡಿ ಇಲ್ಲ, ಎಂದು ಅಧ್ಯಕ್ಷರಿಗೆ ತೋರಿಸಿದ. ದರ್ಜಿ ಮುರಿದು ತಂದ ಕಡೆಯೇ, ಒಣಗಿದ ಬುಡದಲ್ಲಿ, ತಾನೂ ಇನ್ನೊಮ್ಮೆ ಮುರಿದ. ಹಾಲು ಬರಲಿಲ್ಲ. ಏನೋ ಒಂದಿಷ್ಟು ಪಸೆ ಬಂದಂತಾಯಿತು, ಹೆಬ್ಬೆರಳಿನಿಂದ ಒರೆಸಿಬಿಟ್ಟ. ಬಾಗಿಲ ಬಳಿಯಿಂದ ಮುಖ್ಯಸ್ಥೆ, "ಸರ್, ಒಂದ್ಸಲ ಬೀರು ತೆಗೆದು ಹೋಲಿಸಿ ನೋಡೋಣ್ವಾ?" ಎಂದಳು. ಇಪ್ಪತ್ತೆರಡು ವರ್ಷದ ಹಿಂದಿನ ಅದೇ ದನಿ. ಅದೇ ದನಿಯಾದ್ದರಿಂದಲೇ ಅವನು ತಿರುಗಿಯೂ ನೋಡದೆ, "ಬೇಕಾಗಿಲ್ಲಮ್ಮ, ಮೂವತ್ತೊಂದು ವರ್ಷ ನೋಡಿದೀನಿ" ಎಂದ. ದರ್ಜಿಗೆ, ಇದು ಬರೀ ಬೇಲಿ ಗಿಡ, ಹೊಟ್ಟೆ ಒಂದಿಷ್ಟು ಕೆಡಬಹುದು, ಬೇರೇನೂ ಆಗುವುದಿಲ್ಲ ಎಂದು ಹೇಳಿ ಒಂದು ಲ್ಯಾಟಿನ್ ಹೆಸರು ಹೇಳಿದ. ಆ ಹೆಸರು ತನ್ನ ಬಾಯಿಗೆ ನಿಲ್ಲುವುದಿಲ್ಲ, ಬರೆದುಕೊಡಿ ಎಂದು ದರ್ಜಿ ಬೇಡಿದ. ಅವನು ಹಾಳೆಗೆ ಅಂಟಿಸುವ ಚೀಟಿಯ ಮೇಲೆಯೇ ಬರೆದು, ಕೆಳಗೆ ವಿಷವಲ್ಲ ಎಂದು ಸೇರಿಸಿ, ಸಹಿ ಹಾಕಿದ. ದರ್ಜಿಯ ಕಣ್ಣು ತುಂಬಿತು. ಅವನ ಕೈಯನ್ನು ಎರಡೂ ಕೈಯಲ್ಲಿ ಒಮ್ಮೆ ಹಿಡಿದು ಓಡಿದ. ಮೆಟ್ಟಿಲ ಮೇಲೆ ಆ ಓಟದ ಸದ್ದು ಕೇಳುತ್ತಿರುವಾಗಲೇ ಅಧ್ಯಕ್ಷರು, ಇದೇ ಇದೇ, ನಾನು ಕೇಳಿದ್ದು ಇದನ್ನೇ ಎಂದರು.

ಟೀಗೆ ಎಲ್ಲರೂ ಪಕ್ಕದ ಮುಖ್ಯಸ್ಥೆಯ ಕೊಠಡಿಗೆ ಹೋದರು. ಮುಖ್ಯಸ್ಥೆ ಎಲ್ಲರಿಗೂ ಕಪ್ಪು ಕೊಟ್ಟು, ಒಂದು ನಿಮಿಷ ಬಂದೆ ಎಂದು ಹೊರಗೆ ಹೋದಳು. ಅವನು ಕಪ್ಪಿನ ಕಿವಿ ಹಿಡಿದಾಗ ಹೆಬ್ಬೆರಳು ಅಂಟಿತು. ಬಿಡಿಸಿದ, ಮತ್ತೆ ಅಂಟಿತು. ಮೊದಲು ಅದನ್ನು ಸಕ್ಕರೆ ಎಂದುಕೊಂಡ. ಬೆರಳನ್ನು ಬೆರಳಿಗೆ ತಿಕ್ಕಿದಾಗ ತೆಳ್ಳಗೆ ರಬ್ಬರಿನ ಎಳೆಯೊಂದು ಎದ್ದಿತು. ತೋಳಿನ ಮಡಿಕೆಯಲ್ಲಿ ಏನೋ ಚುಚ್ಚಿತು. ನೋಡಿದರೆ ಒಂದು ಮೊಗ್ಗು, ಟೊಂಗೆ ತಿರುಗಿಸುವಾಗ ಉದುರಿದ್ದು. ಅಧ್ಯಕ್ಷರು ತಮ್ಮ ಊರಿನ ಕಾಲೇಜಿನ ಕಥೆ ಹೇಳುತ್ತಿದ್ದರು. ಅವನು ಮೊಗ್ಗನ್ನು ಮೇಜಿನ ಅಂಚಿನ ಕೆಳಗೆ, ಮೊಣಕಾಲ ಮೇಲೆ ಇಟ್ಟುಕೊಂಡು ಉಗುರಿನಿಂದ ಮೆಲ್ಲಗೆ ಬಿಡಿಸಿದ. ಐದು ದಳ. ಒಂದರ ಅಂಚು ಇನ್ನೊಂದರ ಮೇಲೆ, ಅದರ ಅಂಚು ಮತ್ತೊಂದರ ಮೇಲೆ, ಐದೂ ಒಂದೇ ಕಡೆಗೆ ತಿರುಚಿ, ಮಡಿಸಿದ ಕೊಡೆ. ಅವನೇ ಬರೆದ ಕೈಪಿಡಿ, ನಲವತ್ತೊಂದನೆಯ ಪುಟ, ಸಣ್ಣ ಅಕ್ಷರದಲ್ಲಿ: ಈ ಕುಟುಂಬದ ಕೆಲವು ಪೊದೆ ಮತ್ತು ಮರಗಳಲ್ಲಿ ಮಾತ್ರ ಎಲೆಗಳು ಜೋಡಿಯಾಗಿರದೆ ಕಾಂಡದ ಸುತ್ತ ಸುರುಳಿಯಾಗಿರುತ್ತವೆ, ಇವುಗಳ ಬೀಜ ಹೃದಯಕ್ಕೆ ಅತ್ಯಂತ ಅಪಾಯಕಾರಿ. ಕರಡು ತಿದ್ದುವಾಗ ಹೆಂಡತಿ ಈ ಸಾಲನ್ನು ಗಟ್ಟಿಯಾಗಿ ಓದಿದ್ದಳು. ಇಷ್ಟು ಮುಖ್ಯವಾದದ್ದನ್ನು ಇಷ್ಟು ಚಿಕ್ಕದಾಗಿ ಯಾಕೆ ಹಾಕಿದಿರಿ ಎಂದು ಕೇಳಿದ್ದಳು. ಗೋಡೆಯ ಗಡಿಯಾರದಲ್ಲಿ ಮೂರು ಹತ್ತು.

ಏಳಬೇಕಿತ್ತು. ಏಳುತ್ತೇನೆ ಎಂದೇ ಅವನು ಕಪ್ಪನ್ನು ಕೆಳಗಿಟ್ಟ. ಆಗ ಅಧ್ಯಕ್ಷರು ಅವನ ಕಡೆ ತಿರುಗಿ, ಇವತ್ತು ನೀವು ನನ್ನ ಬಾಯಿ ಮುಚ್ಚಿಸಿದಿರಿ, ಕೋಣೆ ಎಲ್ಲಿದೆಯೋ ಅಲ್ಲೇ ಇರಲಿ ಎಂದು ಬರೆಯುತ್ತೇನೆ, ಎಂದರು. ಈ ಮಾತು ಮುಗಿಯಲಿ, ಏಳೋಣ. ಮಾತು ಮುಗಿಯಿತು, ಇನ್ನೊಂದು ಶುರುವಾಯಿತು. ಹೇಗೆ ಒಂದೇ ನೋಟಕ್ಕೆ ಹೇಳಿದಿರಿ ಎಂದು ಬರೆದುಕೊಳ್ಳುವವರಲ್ಲೊಬ್ಬ ಕೇಳಿದ. ಅಭ್ಯಾಸ, ಎಂದು ತನ್ನ ದನಿ ಹೇಳುವುದನ್ನು ಅವನು ಕೇಳಿಸಿಕೊಂಡ. ಜೇಬಿನಲ್ಲಿ ಫೋನಿತ್ತು. ಆಸ್ಪತ್ರೆಯ ನಂಬರು ಹುಡುಕುವುದು ನಿಮಿಷದ ಕೆಲಸ. ಆದರೆ ಈ ಕೊಠಡಿಯಲ್ಲಿ, ಈ ಮೂವರ ಮುಂದೆ, ನಾನು ಹೇಳಿದ್ದು ತಪ್ಪು ಎಂದು ಗಟ್ಟಿಯಾಗಿ ಹೇಳಬೇಕು. ಬಿಸ್ಕತ್ತಿನ ತಟ್ಟೆ ಅವನ ಕಡೆ ಬಂತು. ಒಂದು ತೆಗೆದುಕೊಂಡ. ಕಚ್ಚಿದ. ಬಾಯಿಯಲ್ಲಿ ಮರಳಾಯಿತು, ನುಂಗಲು ಟೀ ಕುಡಿದ, ಕಪ್ಪು ಪೂರ್ತಿ ಮುಗಿಸಿದ. ಎರಡು ಸಲ ವಾಂತಿಯಾಗಿದೆ ಎಂದಿದ್ದನಲ್ಲ, ಬಹುಶಃ ತಿಂದದ್ದೆಲ್ಲ ಬಿದ್ದುಹೋಗಿದೆ. ಮಕ್ಕಳು ಬೀಜ ಅಗಿಯುವುದಿಲ್ಲ, ಉಗಿಯುತ್ತಾರೆ. ಡಾಕ್ಟರಿಗೆ ಅಷ್ಟೂ ತಿಳಿಯುವುದಿಲ್ಲವೇ. ಒಂದೊಂದು ಸಮಾಧಾನವನ್ನೂ ಬೀರುವಿನಿಂದ ಹಾಳೆ ತೆಗೆದ ಹಾಗೆ ತೆಗೆದು ನೋಡಿ ಒಳಗಿಟ್ಟ. ಮುಖ್ಯಸ್ಥೆ ಯಾವಾಗ ಒಳಗೆ ಬಂದಳೋ ಅವನಿಗೆ ತಿಳಿಯಲಿಲ್ಲ. ತಲೆ ಎತ್ತಿದಾಗ ಎದುರಿಗೆ ಕೂತಿದ್ದಳು, ಅವನನ್ನು ನೋಡುತ್ತಿರಲಿಲ್ಲ. ಅವನು ಎದ್ದಾಗ ಗಡಿಯಾರದಲ್ಲಿ ಮೂರೂವರೆಗೆ ಎರಡು ನಿಮಿಷ. ಬಸ್ಸು ತಪ್ಪುತ್ತದೆ ಎಂದು ನೆಪ ಹೇಳಿದ. ಅಧ್ಯಕ್ಷರು ಕೈ ಕುಲುಕಿದರು. ಹೆಬ್ಬೆರಳು ಅವರ ಅಂಗೈಗೆ ಒಂದಿಷ್ಟು ಅಂಟಿ ಬಿಟ್ಟಿತು.

ಕೆಳಗಿಳಿದವನೇ ಓಡಿದ. ಐವತ್ತೊಂಬತ್ತು ವರ್ಷದ ಮನುಷ್ಯ ಚೀಲ ಎದೆಗವಚಿಕೊಂಡು ಓಡುವುದನ್ನು ಅಂಗಡಿಯವರು ಎದ್ದು ನಿಂತು ನೋಡಿದರು. ಅರ್ಧ ದಾರಿಯಲ್ಲಿ ಸಿಕ್ಕ ಬಸ್ಸು ಹತ್ತಿ, ಸರಳು ಹಿಡಿದು ಏದುಸಿರು ಬಿಡುವಾಗ, ಫೋನು ಈಗಲೂ ಜೇಬಿನಲ್ಲಿದೆ, ಈಗ ಆ ಮೂವರು ಎದುರಿಗಿಲ್ಲ, ಈಗಲೂ ಮಾಡಲಿಲ್ಲವಲ್ಲ ಎಂದು ಹೊಳೆಯಿತು. ಓಡುವುದರಲ್ಲಿ ತಕ್ಕಮಟ್ಟಿಗೆ ಪ್ರಾಯಶ್ಚಿತ್ತದ ರುಚಿ ಇತ್ತು. ಫೋನಿನಲ್ಲಿ ಬರೀ ತಪ್ಪು ಇತ್ತು. ಆಗಲೂ ಅವನು ಫೋನು ತೆಗೆಯಲಿಲ್ಲ.

ಆಸ್ಪತ್ರೆ ಚಿಕ್ಕದು, ಎರಡು ಅಂತಸ್ತಿನದು. ಮಕ್ಕಳ ವಾರ್ಡಿನ ಬಾಗಿಲಲ್ಲಿ ಡಾಕ್ಟರು ಸಿಕ್ಕಿದ. ಇನ್ನೂ ಮೂವತ್ತು ದಾಟದ, ನಿದ್ದೆಗೆಟ್ಟ ಮುಖದವನು. ಅವನು ತನ್ನ ಪರಿಚಯ ಹೇಳಿಕೊಂಡ ಕೂಡಲೇ ಡಾಕ್ಟರು ಕಡತ ಬಿಡಿಸಿದ. ಮೊದಲ ಪುಟಕ್ಕೇ ಆ ಚೀಟಿ ಪಿನ್ನು ಹಾಕಿಕೊಂಡು ಕೂತಿತ್ತು. "ಇದು ನಿಮ್ಮ ಬರಹಾನಾ?" ಅವನು ಹೌದೆಂದ. ಅದು ತಪ್ಪು ಎಂದು ಹೇಳಲು ಬಂದೆ ಎಂದ. ಗೊತ್ತಾಯಿತು ಎಂದು ಡಾಕ್ಟರು ತಣ್ಣಗೆ ಹೇಳಿದ, ಮೂರು ಹದಿನೆಂಟಕ್ಕೆ ನಿಮ್ಮ ಕಾಲೇಜಿನಿಂದಲೇ ಒಬ್ಬರು ಮೇಡಂ ಫೋನು ಮಾಡಿದರು, ಚೀಟಿ ನಂಬಬೇಡಿ, ಇದು ಕಣಗಿಲೆಯ ಕುಟುಂಬದ್ದು, ಹೃದಯ ನೋಡಿಕೊಳ್ಳಿ ಎಂದರು. ಆಮೇಲೆ ಯಾವ ಕೋಪವೂ ಇಲ್ಲದೆ ಮಿಕ್ಕದ್ದನ್ನು ಹೇಳಿದ. ಹೊಟ್ಟೆ ತೊಳೆಯಲು ಟ್ಯೂಬು ಹಾಕಬೇಕೆಂದು ಅವರು ಮೊದಲೇ ಸಿದ್ಧಮಾಡಿಕೊಂಡಿದ್ದರಂತೆ. ಅಪ್ಪ ಈ ಚೀಟಿ ಹಿಡಿದು ಬಂದು, ವಿಷವಲ್ಲ ಅಂತ ದೊಡ್ಡ ಮೇಷ್ಟ್ರು ಬರೆದುಕೊಟ್ಟಿದ್ದಾರೆ, ಇಷ್ಟು ಚಿಕ್ಕ ಮಗುವಿನ ಗಂಟಲಿಗೆ ಕೊಳವೆ ತುರುಕಲು ಬಿಡುವುದಿಲ್ಲ ಎಂದು ಹಟ ಹಿಡಿದನಂತೆ. ಅಮ್ಮ ಹಾಕಿ ಹಾಕಿ ಎಂದು ಅಳುತ್ತಿದ್ದಳಂತೆ. ನೀನೇನು ಅವರಿಗಿಂತ ಓದಿದ್ದೀಯಾ ಎಂದು ದರ್ಜಿ ಹೆಂಡತಿಯನ್ನು ಎಲ್ಲರ ಮುಂದೆ ಗದರಿದನಂತೆ. ಇದು ನಡೆಯುತ್ತಿರುವಾಗಲೇ ಫೋನು ಬಂತು. ಅಷ್ಟರಲ್ಲಿ ಮಗುವಿನ ನಾಡಿ ನಿಮಿಷಕ್ಕೆ ಐವತ್ತಕ್ಕೆ ಇಳಿದಿತ್ತು. ಈಗ ಔಷಧಿ ಕೊಟ್ಟಿದ್ದೇವೆ, ಏರುತ್ತಿದೆ, ನಾಳೆಯವರೆಗೆ ಏನೂ ಹೇಳಲಾಗುವುದಿಲ್ಲ, ಎಂದು ಡಾಕ್ಟರು ಕಡತ ಮುಚ್ಚಿದ.

ಅವನು ಓಣಿಯ ಕೊನೆಯ ಕಿಟಕಿಗೆ ಹೋಗಿ ಮುಖ್ಯಸ್ಥೆಗೆ ಫೋನು ಮಾಡಿದ. ಹಲೋ ಎಂದವಳಿಗೆ ಏನು ಹೇಳಬೇಕೆಂದು ತೋಚದೆ, ಆಸ್ಪತ್ರೆಯಲ್ಲಿದ್ದೇನೆ ಎಂದ. ಈಗ ಹೇಗಿದ್ದಾಳೆ ಎಂದು ಅವಳು ಕೇಳಿದಳು, ಹೇಳಿದ. ಅಲ್ಲೇ ಎಲ್ಲರ ಮುಂದೆ ಹೇಳಬಹುದಿತ್ತಲ್ಲ ಎಂದು ಅವನು ಕೇಳಿದ. ಕೇಳಿದಮೇಲೆ ಅದು ಆಕ್ಷೇಪಣೆಯ ಹಾಗೆ ಕೇಳಿಸಿ ನಾಚಿದ. ಮಾತು ಬದಲಿಸಿ ಅವನೇ ಮತ್ತೆ ಕೇಳಿದ: "ನಿನಗೆ ಟೊಂಗೆ ನೋಡಿದ ಕೂಡ್ಲೇ ಗೊತ್ತಾಯ್ತಾ?"

"ಇಲ್ಲ ಸರ್, ನನಗೆ ಗೊತ್ತಿರಲಿಲ್ಲ" ಎಂದಳು ಅವಳು. "ಅದಕ್ಕೇ ಹೋಗಿ ಬೀರು ತೆಗೆದು ನೋಡಿದೆ."

ಎಷ್ಟು ಸಲೀಸಾಗಿ ಹೇಳಿಬಿಟ್ಟಳು. ಬಿಸಿಲಿದೆ, ಬಾಗಿಲು ಹಾಕಿದೆ ಎನ್ನುವ ಹಾಗೆ. ಅವನು ಫೋನನ್ನು ಕಿವಿಗೆ ಹಿಡಿದೇ ಕಿಟಕಿಯ ಹೊರಗೆ ನೋಡಿದ. ಕೆಳಗೆ ಯಾರೋ ಸೈಕಲ್ಲಿನ ಸರಪಳಿ ಕೂರಿಸುತ್ತಿದ್ದರು, ಅದು ಮತ್ತೆ ಮತ್ತೆ ಜಾರುತ್ತಿತ್ತು. ದರ್ಜಿ ಮೇಜಿನ ಮೇಲೇ ಬಿಟ್ಟುಹೋಗಿದ್ದ ಟೊಂಗೆಯನ್ನು ಅವಳು ಎತ್ತಿಕೊಂಡು, ಮೂರನೆಯ ಬೀರುವಿನ ಕೆಳಗಿನ ಗೂಡಿನಿಂದ ಹಾಳೆ ಎಳೆದು, ಮಂಡಿಯೂರಿ ಹೋಲಿಸಿದ್ದನ್ನು ಅವನು ಕಣ್ಣಾರೆ ಕಂಡ ಹಾಗಾಯಿತು. ಗೋಡೆಯ ಈಚೆ ಅವನು ಬಿಸ್ಕತ್ತು ಕಚ್ಚುತ್ತಿದ್ದ. ಆ ಹಾಳೆಯನ್ನು ಇಪ್ಪತ್ತಾರು ವರ್ಷದ ಹಿಂದೆ ಹೊಲಿದವನು ಅವನೇ.

ಈಗಲೇ ಮೆಟ್ಟಿಲಿಳಿದು ಮನೆಗೆ ಹೋಗಬಹುದಿತ್ತು. ಹೇಳಬೇಕಾದವರಿಗೆ ಹೇಳಿಯಾಗಿತ್ತು. ತಿರುಗಿದಾಗ ಬೆಂಚಿನ ಮೇಲೆ ಕೂತಿದ್ದ ದರ್ಜಿ ಅವನನ್ನು ಕಂಡು ಎದ್ದು ನಿಂತ. ಪಕ್ಕದಲ್ಲಿ ಹೆಂಡತಿ, ಮೊಣಕಾಲ ಮೇಲೆ ಮಗುವಿನ ಚಪ್ಪಲಿ ಜೋಡಿ ಇಟ್ಟುಕೊಂಡು ಕೂತಿದ್ದವಳು, ಏಳಲಿಲ್ಲ. ಇಷ್ಟು ದೂರ ಯಾಕೆ ಬರಲು ಹೋದಿರಿ ಸರ್ ಎಂದು ದರ್ಜಿ ಕೈಮುಗಿದ. ಅವನ ಮುಖ ಎರಡು ಗಂಟೆಯಲ್ಲಿ ಹತ್ತು ವರ್ಷ ಹಳೆಯದಾಗಿತ್ತು. ಅವನು ಬಾಯಿ ತೆರೆಯುವ ಮೊದಲೇ ದರ್ಜಿ ಹೇಳತೊಡಗಿದ. ನಿಮ್ಮಂಥವರು ತಪ್ಪು ಹೇಳುವವರಲ್ಲ. ಬೇಲಿಯಲ್ಲಿ ಎರಡು ಮೂರು ಥರದ ಗಿಡ ಬೆರೆತು ಬೆಳೆದಿದೆ. "ಗಾಬರೀಲಿ ನಾನೇ ಬೇರೆ ಟೊಂಗೆ ಮುರ್ಕೊಂಡ್ ಬಂದಿರ್ಬೇಕು ಸರ್. ನನ್ನ ಕೈಯಾರೆ ಮಗೂನ..." ಮಾತು ಅಲ್ಲಿಗೆ ನಿಂತಿತು. ಕೊರಳ ಟೇಪಿನ ಒಂದು ತುದಿಯನ್ನು ಬೆರಳಿಗೆ ಸುತ್ತುತ್ತಿದ್ದ, ಬಿಚ್ಚುತ್ತಿದ್ದ. ಹೆಂಡತಿ ಗಂಡನ ಕಡೆ ನೋಡದೆ ಚಪ್ಪಲಿಗಳನ್ನೇ ನೋಡುತ್ತಿದ್ದಳು. ಆ ನೋಡದಿರುವುದರಲ್ಲಿ ಇನ್ನು ಎಷ್ಟೋ ವರ್ಷದ ಸಂಸಾರ ಇತ್ತು.

ಇಂಥ ಬಾಗಿಲೊಂದು ತನಗಾಗಿ ತೆರೆದುಕೊಳ್ಳುತ್ತದೆ ಎಂದು ಅವನು ಎಣಿಸಿರಲಿಲ್ಲ. ಏನೂ ಮಾಡಬೇಕಾಗಿರಲಿಲ್ಲ. ತಲೆದೂಗಿ, ಪಾಪ ಗಾಬರಿಯಲ್ಲಿ ಹಾಗಾಗುತ್ತದೆ ಎಂದರೆ ಸಾಕಿತ್ತು. ಬರೀ ಸುಮ್ಮನಿದ್ದರೂ ಸಾಕಿತ್ತು. ಅವನು ಸುಮ್ಮನೇ ಇದ್ದ. ನರ್ಸೊಬ್ಬಳು ಟ್ರಾಲಿ ತಳ್ಳಿಕೊಂಡು ಅವರ ನಡುವೆ ಹಾದುಹೋಗುವಷ್ಟು ಹೊತ್ತು ಇದ್ದ. ಟ್ರಾಲಿಯ ಒಂದು ಚಕ್ರ ಕಿರುಗುಟ್ಟುತ್ತಿತ್ತು. ಅದು ದೂರವಾದಮೇಲೆ ಹೆಂಡತಿ ತಲೆ ಎತ್ತಿ, ಆ ಗಿಡವನ್ನು ಬೇರೆ ಮನೆಯವರ ಬೇಲಿಯಲ್ಲೂ ನೆಟ್ಟಿದ್ದಾರೆ, ಅಲ್ಲೂ ಮಕ್ಕಳಿದ್ದಾರೆ, ಗುರುತು ಹೇಗೆ ಹಿಡಿಯುವುದು ಎಂದು ಕೇಳಿದಳು. ಕೇಳಿದ್ದು ಅವನನ್ನು. ಅವನು ಅವಳೆದುರು ಕೂತು ಹೇಳಿಕೊಟ್ಟ. ಎಳೆ ತುದಿ ಮುರಿಯಿರಿ, ಬುಡದಲ್ಲಿ ಮುರಿಯಬೇಡಿ. ಹಾಲು ಬರುತ್ತದೆ, ಬೆರಳಿಗೆ ಅಂಟುತ್ತದೆ. ಮೊಗ್ಗು ನೋಡಿ, ಮಡಿಸಿದ ಕೊಡೆಯ ಹಾಗೆ ತಿರುಚಿರುತ್ತದೆ. ಎಲೆ ಜೋಡಿಯಾಗಿಲ್ಲ ಎಂದು ಧೈರ್ಯ ತಂದುಕೊಳ್ಳಬೇಡಿ, ಇದರಲ್ಲಿ ಸುರುಳಿಯಾಗಿಯೂ ಇರುತ್ತದೆ. ಅವಳು ಒಂದೊಂದನ್ನೂ ತುಟಿಯಲ್ಲೇ ಹೇಳಿಕೊಂಡಳು. ಅವನ ಯಾವ ವಿದ್ಯಾರ್ಥಿಯೂ ಹೀಗೆ ಕೇಳಿಸಿಕೊಂಡಿರಲಿಲ್ಲ. ಆಮೇಲೆ ಅವಳು, "ಇವ್ರು ತಂದಿದ್ದ ಟೊಂಗೇಲಿ ಎಲೆ ಹೆಂಗಿತ್ತು?" ಎಂದಳು.

"ಸುರುಳಿಯಾಗಿತ್ತು" ಎಂದ ಅವನು. "ಇವರು ತಂದಿದ್ದು ಸರಿಯಾದ ಟೊಂಗೇನೇ. ತಪ್ಪು ಹೇಳಿದ್ದು ನಾನು."

ದರ್ಜಿಗೆ ಅದು ತಕ್ಷಣ ಅರ್ಥವಾಗಲಿಲ್ಲ. ಹೆಂಡತಿಗೆ ಆಯಿತು. ಅವಳು ಚಪ್ಪಲಿಗಳನ್ನು ಪಕ್ಕಕ್ಕಿಟ್ಟಳು. ತಪ್ಪಾಯಿತೆಂದು ಗೊತ್ತಾದ ಕೂಡಲೇ ಆ ಮೇಡಂ ಕೈಲಿ ಫೋನು ಮಾಡಿಸಿದ್ದು ನೀವೇನಾ ಎಂದು ಕೇಳಿದಳು. ಕೇಳಿದ ದನಿಯಲ್ಲಿ ಮುಳ್ಳಿರಲಿಲ್ಲ; ಹೌದು ಎನ್ನಲಿ ಎಂಬ ಆಸೆಯೇ ಇತ್ತೋ ಏನೋ, ಮನುಷ್ಯರ ಮೇಲೆ ಒಂದಿಷ್ಟು ನಂಬಿಕೆ ಉಳಿಸಿಕೊಳ್ಳಬೇಕಾದವರ ಆಸೆ. ಹೌದು ಎಂಬ ಮಾತು ಅವನ ನಾಲಿಗೆಯ ಮೇಲೆ ಬಂದು ಕೂತಿತು, ಎಂದಿನ ಹಾಗೆ, ಎರಡು ಪದದ ಲ್ಯಾಟಿನ್ ಹೆಸರು ಹೇಗೆ ಬಂದು ಕೂರುತ್ತಿತ್ತೋ ಹಾಗೆ.

"ಅಲ್ಲ. ಅವರೇ ಮಾಡಿದ್ದು."

"ಮತ್ತೆ ನೀವೇನ್ ಮಾಡ್ತಿದ್ರಿ?"

"ಟೀ ಕುಡೀತಿದ್ದೆ."

"ಗೊತ್ತಿದ್ದೂ?"

"ಗೊತ್ತಿದ್ದೂ. ಹದಿನೆಂಟು ನಿಮಿಷ."

ಅವಳು ಬೈಯುತ್ತಾಳೆಂದು ಅವನು ಕಾದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ದರ್ಜಿ ಕೆನ್ನೆಗೆ ಹೊಡೆದಿದ್ದರೆ ಇನ್ನೂ ಹಗುರ. ಅವಳು ಅವನನ್ನು ಒಂದು ಕ್ಷಣ ನೋಡಿದಳು, ಅಷ್ಟೆ, ಆಮೇಲೆ ಅವನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಗಂಡನ ಕಡೆ ತಿರುಗಿದಳು. ಅವನ ಕೊರಳಿನಿಂದ ಟೇಪು ತೆಗೆದು ನಿಧಾನವಾಗಿ ಸುತ್ತಿ ಅವನ ಜೇಬಿಗೆ ಹಾಕಿದಳು. "ನೀವು ಸರಿಯಾದ್ದನ್ನೇ ತಂದಿದ್ರಂತೆ. ಕೇಳಿಸ್ತಾ? ಸರಿಯಾದ್ದನ್ನೇ ತಂದಿದ್ರಂತೆ." ದರ್ಜಿ ಗೋಡೆಯ ಕಡೆ ಮುಖ ಮಾಡಿಕೊಂಡು ಭುಜ ಕುಲುಕಿಸುತ್ತ ಅತ್ತ. ಅವಳು ಅವನ ಬೆನ್ನಿನ ಮೇಲೆ ಕೈ ಇಟ್ಟುಕೊಂಡು ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ವಾರ್ಡಿನೊಳಗೆ ಹೋದರು. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಇರು ಎಂದಾಗಲಿ ಹೋಗು ಎಂದಾಗಲಿ ಯಾರೂ ಅವನಿಗೆ ಹೇಳಲಿಲ್ಲ. ಬೆಂಚಿನ ತುದಿಯಲ್ಲಿ ಕೂತ. ಚೀಲದಿಂದ ಹಾಳೆ ತೆಗೆದು ಸಮಿತಿಯ ಅಧ್ಯಕ್ಷರಿಗೆ ಪತ್ರ ಬರೆದ. ನಾನು ಇಂದು ನಿಮ್ಮೆದುರು ಗುರುತಿಸಿದ್ದು ತಪ್ಪು. ಸರಿಯಾಗಿ ಗುರುತಿಸಿದವರು ಮುಖ್ಯಸ್ಥೆ, ಮೂರನೆಯ ಬೀರುವಿನ ಹಾಳೆಯ ಸಹಾಯದಿಂದ. ಕೋಣೆಯ ಬಗ್ಗೆ ಏನು ಬರೆಯುವುದಿದ್ದರೂ ಇದನ್ನು ತಿಳಿದು ಬರೆಯಬೇಕು. ಮೂರು ಸಲ ಓದಿದ. ಎರಡನೆಯ ಸಲ ಓದುವಾಗ, ಎಷ್ಟು ಪ್ರಾಮಾಣಿಕ ಮನುಷ್ಯ ಎಂದು ಅಧ್ಯಕ್ಷರು ಮೆಚ್ಚಬಹುದು ಎಂಬ ಯೋಚನೆ ಎಲ್ಲಿಂದಲೋ ನುಸುಳಿ ಬಂದು ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಆದರೂ ಮಡಿಸಿ ಲಕೋಟೆಗೆ ಹಾಕಿ ಅಂಟಿಸಿದ. ತನ್ನ ಹೆಂಡತಿಗೆ ಫೋನು ಮಾಡಿ ಬರುವುದು ತಡವಾಗುತ್ತದೆ ಎಂದ. ಯಾಕೆ, ಎಷ್ಟು ಹೊತ್ತಾಗುತ್ತೆ ಎಂದು ಅವಳು ಕೇಳಿದಳು. ಗೊತ್ತಿಲ್ಲ ಎಂದ. ಅವಳು ನಗಲಿಲ್ಲ, ಏನಾಯಿತು ಎಂದು ಗಾಬರಿಯಿಂದ ಕೇಳಿದಳು. ಮನೆಗೆ ಬಂದು ಹೇಳುತ್ತೇನೆ ಎಂದು ಇಟ್ಟ.

ಓಣಿಯ ಬೆಳಕು ಹಳದಿಯಾಗಿ, ಆಮೇಲೆ ಬೂದಿಬಣ್ಣಕ್ಕೆ ತಿರುಗಿತು. ಭೇಟಿಯ ಹೊತ್ತಿಗೆ ಬಂದವರು ಹಣ್ಣಿನ ಚೀಲ ಹಿಡಿದು ಅವನ ಮುಂದೆ ಓಡಾಡಿದರು. ಒಬ್ಬರು ಅವನನ್ನು ಯಾರದೋ ಅಜ್ಜ ಎಂದುಕೊಂಡು ಮಗು ಹೇಗಿದೆ ಎಂದು ವಿಚಾರಿಸಿದರು. ನೋಡುತ್ತಿದ್ದಾರೆ ಎಂದು ಹೇಳಿದ. ವಾರ್ಡಿನ ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದ, ಯಾರೋ ಬೇರೆಯವರೆಂದು ಕಂಡು ಕೂರುತ್ತಿದ್ದ. ಆರೂವರೆಯ ಸುಮಾರಿಗೆ ಬಾಗಿಲು ಜೋರಾಗಿ ತೆರೆದುಕೊಂಡು ದರ್ಜಿ ಹೊರಗೆ ಬಂದ. ಓಣಿಯಲ್ಲಿ ಎದುರಿಗೆ ಕಂಡ ಮೊದಲ ಮನುಷ್ಯನ ತೋಳು ಹಿಡಿದುಕೊಂಡು, "ನೀರು ಕೇಳಿದ್ಲು" ಎಂದ, "ಕಣ್ಣು ಬಿಟ್ಟು ನೀರು ಕೇಳಿದ್ಲು." ಮುಖದ ತುಂಬ ನಗು ಇತ್ತು. ಆಮೇಲೆ ತಾನು ಹಿಡಿದಿರುವುದು ಯಾರ ತೋಳು ಎಂದು ನೋಡಿದ. ನಗು ಒಮ್ಮೆಲೇ ಹೋಗಲಿಲ್ಲ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ದರ್ಜಿಯ ಮುಖದ ಮೇಲೆ ಒಂದು ಕ್ಷಣ ನಿಂತಿತು. ತೋಳು ಬಿಟ್ಟ. ಕುಡಿಯುವ ನೀರಿನ ನಲ್ಲಿಯ ಕಡೆ ಹೋಗಿ, ಲೋಟ ತುಂಬಿಸಿಕೊಂಡು, ಚೆಲ್ಲದ ಹಾಗೆ ಇನ್ನೊಂದು ಕೈ ಅಡ್ಡ ಹಿಡಿದು, ಅವನ ಪಕ್ಕದಿಂದ ಸುತ್ತಿಕೊಂಡು ಒಳಗೆ ಹೋದ.